ಮುದ್ದೆ ತೂಗಿ ಉಂಡ ವರ್ಷ

ನಮ್ಮಮ್ಮ ಕಟ್ಟುವ ಒಂದು ಮುದ್ದೆ 390 ಗ್ರಾಂ ಇರುತ್ತದೆ. ಇದು ನನಗೆ ಗೊತ್ತಾಗಿದ್ದು ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ, ಸಕ್ಕರೆ ಕಾಯಿಲೆ ಇದೆ ಅಂತ ಖಚಿತವಾದ ವಾರದಲ್ಲಿ. ಅಂಗಡಿಯಿಂದ ತಂದ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಅಡುಗೆಮನೆ ಕಟ್ಟೆಯ ಮೇಲಿಟ್ಟು, ಅದರ ಮೇಲೆ ತಟ್ಟೆಯಿಟ್ಟು ಸೊನ್ನೆಗೆ ತಂದು, ಹಬೆಯಾಡುತ್ತಿದ್ದ ಮುದ್ದೆಯನ್ನು ಇಟ್ಟೆ. ಅಮ್ಮ ಮುದ್ದೆ ಕೋಲು ಹಿಡಿದುಕೊಂಡು ಹಾಗೇ ನಿಂತಿದ್ದಳು. "ತೂಗಿ ಉಂಡ್ರೆ ಮೈಗೆ ಹತ್ತುತ್ತೇನೋ ಮಗ?" ಅಂದಳು. ಅವಳ ಮುಖ ನೋಡಿ ತಕ್ಕಡಿ ಎತ್ತಿಡೋಣ ಅನ್ನಿಸಿತು. ಆದರೂ ತೂಗಿದೆ.

ಅಷ್ಟು ದೊಡ್ಡ ಮುದ್ದೆಗೆ ಹೆಚ್ಚುಕಡಿಮೆ 130 ಗ್ರಾಂ ರಾಗಿ ಹಿಟ್ಟು ಬೇಕು. ಅದರಲ್ಲಿ 90 ಗ್ರಾಂ ಆಸುಪಾಸು ಪಿಷ್ಟವೇ. ಒಂದು ಊಟಕ್ಕೆ 45ರಿಂದ 50 ಗ್ರಾಂ ಸಾಕು ಅಂತ ಪಥ್ಯ ಬರೆದುಕೊಟ್ಟವರು ಹೇಳಿದ್ದರು. ನಮ್ಮ ಮನೆಯಲ್ಲಿ ಮುದ್ದೆ ಆದಮೇಲೆ ಅನ್ನ ಸಾರು, ಆಮೇಲೆ ಮಜ್ಜಿಗೆ ಅನ್ನ. ಅವತ್ತು ಎಂದಿನಂತೆ ಎಲ್ಲವನ್ನೂ ಉಂಡು, ಮೊದಲ ತುತ್ತಿನಿಂದ ಸರಿಯಾಗಿ ಎರಡು ಗಂಟೆಗೆ ಬೆರಳು ಚುಚ್ಚಿ ನೋಡಿದೆ. ರಕ್ತದ ಸಕ್ಕರೆ 231 ಬಂತು.

ಕಾಯಿಲೆ ಗೊತ್ತಾಗಿದ್ದು ಕಾಯಿಲೆ ಅಂತ ಹೋಗಿ ಅಲ್ಲ. ಮೈಸೂರಿನಲ್ಲಿ ಒಂದು ಸೈಟಿಗೆ ಸಾಲ ತೆಗೆಯುವಾಗ ಜೊತೆಗೊಂದು ವಿಮೆ ಮಾಡಿಸಬೇಕಾಯಿತು, ವಿಮೆಗೆ ರಕ್ತ ಪರೀಕ್ಷೆ ಆಯಿತು. ಬರಿ ಹೊಟ್ಟೆಯದು 148, ಎಚ್‌ಬಿಎ1ಸಿ 7.3. ಬರಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು ಬಂದರೆ, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.5 ಮುಟ್ಟಿದರೆ ಡಯಾಬಿಟಿಸ್ ಅಂತ ಲೆಕ್ಕ. ನನಗೆ ಬಾಯಾರಿಕೆ ಇರಲಿಲ್ಲ, ರಾತ್ರಿ ಎದ್ದು ಹೋಗುವುದಿರಲಿಲ್ಲ, ಸುಸ್ತಿತ್ತು. ಆದರೆ ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವವನಿಗೆ ಸುಸ್ತು ಯಾವಾಗ ಇರುವುದಿಲ್ಲ? ಇನ್ನೊಂದು ಲ್ಯಾಬಿನಲ್ಲಿ ಮತ್ತೆ ಮಾಡಿಸಿದೆ. ಒಂದೆರಡು ಅಂಕಿ ಆಚೀಚೆ, ಅಷ್ಟೇ.

ನಾನು ದಪ್ಪ ಅಂತ ಯಾರೂ ಹೇಳುತ್ತಿರಲಿಲ್ಲ. ಐದೂವರೆ ಅಡಿ ಎತ್ತರ, 76 ಕೆಜಿ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಸೊಂಟಕ್ಕೆ ಟೇಪು ಹಿಡಿದರೆ 98 ಸೆಂಟಿಮೀಟರ್. ನಮ್ಮ ಕಡೆಯ ಗಂಡಸರಿಗೆ 90 ದಾಟಬಾರದಂತೆ. ಇದನ್ನು ಹೇಳಿದ ಡಾಕ್ಟರು ತಮ್ಮ ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಯುಡ್ಕಿನ್ ಅಕ್ಕಪಕ್ಕ ನಿಂತಿರುವ ಚಿತ್ರ. 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಎತ್ತರಕ್ಕೆ ತೂಕ ಎಷ್ಟು ಅಂತ ಹೇಳುವ ಬಿಎಂಐ ಇಬ್ಬರದೂ 22.3. ಆದರೆ ಮೈಯಲ್ಲಿರುವ ಕೊಬ್ಬು ಲಂಡನ್ನಿನವರದು 9.1 ಶೇಕಡಾ, ಪುಣೆಯವರದು 21.2. "ನೋಡೋಕೆ ಸಣ್ಣ, ಒಳಗೆ ಕೊಬ್ಬು. ನಮ್ಮವರ ಕಥೆನೇ ಇದು. ಅದಕ್ಕೇ ನಮಗೆ ಬೇರೆಯವರಿಗಿಂತ ಹತ್ತು ವರ್ಷ ಮೊದಲೇ ಬರುತ್ತೆ," ಅಂದರು.

ನಾನು ಆ ಕೋಣೆಗೆ ಹೋಗಿದ್ದೇ ಒಂದು ಮಾತು ಹೇಳಲು. ಕೂತ ಕೂಡಲೇ ಹೇಳಿಯೂಬಿಟ್ಟೆ. "ಮೇಡಂ, ಮಾತ್ರೆ ಮಾತ್ರ ಬೇಡ."

"ಯಾಕೆ ಬೇಡ?"

"ಒಂದ್ಸಲ ಶುರು ಮಾಡಿದ್ರೆ ಜೀವನಪೂರ್ತಿ ಬಿಡೋ ಹಾಗಿಲ್ಲ. ಕಿಡ್ನಿ ಹೋಗುತ್ತೆ ಅಂತಾರೆ. ನಮ್ಮಪ್ಪ ಇಪ್ಪತ್ತು ವರ್ಷದಿಂದ ತಿಂತಿದಾರೆ. ಈಗ ಇನ್ಸುಲಿನ್. ಎಡಗಾಲಿನ ಕಿರುಬೆರಳು ತೆಗೆಸಬೇಕಾಯ್ತು."

ಅವರು ಬರೆಯುವುದನ್ನು ನಿಲ್ಲಿಸಿದರು. "ಅವರು ಮಾತ್ರೆ ತಿಂದಿದ್ದಕ್ಕೆ ಬೆರಳು ಹೋಯ್ತಾ, ಬಿಟ್ಟಿದ್ದಕ್ಕೆ ಹೋಯ್ತಾ? ಮನೆಗೆ ಹೋಗಿ ಕೇಳಿಕೊಂಡು ಬನ್ನಿ."

ಕೇಳಿದೆ. ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು. ಮೊದಲ ಏಳೆಂಟು ವರ್ಷ ಬೇಕಾದಾಗ ತಿಂದು ಬೇಡವಾದಾಗ ಬಿಡುತ್ತಿದ್ದರಂತೆ. ಗದ್ದೆ ಕೆಲಸ ಮಾಡಿ ಬೆವರು ಸುರಿದ ದಿನ ಸಕ್ಕರೆ ಎಲ್ಲ ಇಳಿದುಹೋಗಿರುತ್ತೆ ಅಂದುಕೊಂಡು ಮಾತ್ರೆಯನ್ನು ಹಾಗೇ ಇಡುತ್ತಿದ್ದರಂತೆ. ಊರಿನ ಮನೆಯ ಟ್ರಂಕಿನಲ್ಲಿ ಅಂಥ ಪಟ್ಟಿಗಳು ಎಷ್ಟೋ ವರ್ಷ ಬಿದ್ದಿದ್ದವು. ಕಾಲಿಗೆ ಕಳೆ ಕುಡುಗೋಲು ತಾಗಿದ್ದು ಗೊತ್ತೇ ಆಗಲಿಲ್ಲ, ನರದ ಸ್ಪರ್ಶ ಹೋಗಿತ್ತು. ಇಷ್ಟನ್ನೂ ಅಪ್ಪ ಹೇಳಿದ್ದು ಅದೇ ಮೊದಲು.

ಮರುದಿನ ಮತ್ತೆ ಹೋದೆ. ಇಲ್ಲಿಂದ ಮುಂದಿನದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ಕಥೆಯಲ್ಲಿ ಜನ ಬಿಟ್ಟುಬಿಡುವ ಭಾಗ ಇದೇ. ಡಾಕ್ಟರು ಮೊದಲು ಮಾಡಿಸಿದ್ದು ನನ್ನದು ಯಾವ ಬಗೆಯ ಡಯಾಬಿಟಿಸ್ ಅಂತ ತಿಳಿಯುವ ಪರೀಕ್ಷೆ. ಚಿಕ್ಕ ವಯಸ್ಸಿನವರಲ್ಲಿ ಇದು ಬಹಳ ಮುಖ್ಯ ಅಂದರು. ಸಿ-ಪೆಪ್ಟೈಡ್ ನೋಡಿದರೆ ಮೇದೋಜೀರಕ ಗ್ರಂಥಿ ಇನ್ನೂ ಇನ್ಸುಲಿನ್ ತಯಾರಿಸುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಗ್ಯಾಡ್ ಆಂಟಿಬಾಡಿ ಇದ್ದರೆ ದೇಹವೇ ಆ ಗ್ರಂಥಿಯ ಮೇಲೆ ತಿರುಗಿಬಿದ್ದಿದೆ ಅಂತ ಅರ್ಥ, ಅದು ಟೈಪ್ 1ರ ಗುರುತು. ನನ್ನದರಲ್ಲಿ ಆಂಟಿಬಾಡಿ ಇರಲಿಲ್ಲ, ಇನ್ಸುಲಿನ್ ಬೇಕಾದಷ್ಟು ತಯಾರಾಗುತ್ತಿತ್ತು, ಮೈಗೆ ಅದು ನಾಟುತ್ತಿರಲಿಲ್ಲ. ಅಂದರೆ ಟೈಪ್ 2. ಹೊಟ್ಟೆಯ ಸ್ಕ್ಯಾನಿನಲ್ಲಿ ಯಕೃತ್ತಿನ ತುಂಬ ಕೊಬ್ಬು. ಕಣ್ಣಿನ ಪರದೆ, ಮೂತ್ರದಲ್ಲಿ ಪ್ರೋಟೀನು, ಎರಡೂ ಸರಿಯಿದ್ದವು.

"ಇಷ್ಟೆಲ್ಲ ಸರಿ ಇರೋದ್ರಿಂದ ಮೂರು ತಿಂಗಳು ಕೊಡ್ತೀನಿ," ಅಂದರು. "ಮಾತ್ರೆ ಇಲ್ಲ ಅಂದ್ರೆ ಡಾಕ್ಟರೂ ಇಲ್ಲ ಅಂತ ಅಲ್ಲ. ಹದಿನೈದು ದಿನಕ್ಕೊಮ್ಮೆ ಪುಸ್ತಕ ತಂದು ತೋರಿಸಬೇಕು. ಬರಿ ಹೊಟ್ಟೆಯದು 200 ದಾಟಿದ್ರೆ, ಸುಮ್ಮಸುಮ್ಮನೆ ತೂಕ ಇಳೀತಾ ಹೋದ್ರೆ, ಬಾಯಾರಿಕೆ ಜಾಸ್ತಿ ಆದ್ರೆ, ಅವತ್ತೇ ಬರಬೇಕು. ಮೂರು ತಿಂಗಳಿಗೆ ಎಚ್‌ಬಿಎ1ಸಿ 7ರ ಕೆಳಗೆ ಬರದಿದ್ರೆ ಮೆಟ್‌ಫಾರ್ಮಿನ್ ಮಾತ್ರೆ. ಆಗ ವಾದ ಮಾಡೋ ಹಾಗಿಲ್ಲ." ಒಪ್ಪಿಕೊಂಡೆ.

ಮೊದಲ ತಿಂಗಳು ನಾನು ಮಾಡಿದ್ದು ಅಳೆಯುವ ಕೆಲಸವೊಂದೇ. ಗ್ಲುಕೋಮೀಟರಿನ ಒಂದು ಪಟ್ಟಿಗೆ ಹದಿನೈದಿಪ್ಪತ್ತು ರೂಪಾಯಿ, ದಿನಕ್ಕೆ ನಾಲ್ಕು ಸಲ ನೋಡಿದರೆ ತಿಂಗಳಿಗೆ ದೊಡ್ಡ ಮೊತ್ತ. ಆದರೆ ಆ ದುಡ್ಡು ಉಳಿಸಲು ಹೋಗಿದ್ದರೆ ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ಬೆರಳಿನ ತುದಿಯ ನಡುವೆ ಚುಚ್ಚಬಾರದು, ಪಕ್ಕಕ್ಕೆ ಚುಚ್ಚಬೇಕು, ನೋವು ಕಡಿಮೆ. ಒಂದು ಸಂಜೆ ಮನೆಯವರಿಗೆಲ್ಲ ಮಾವಿನಹಣ್ಣು ಹೆಚ್ಚಿಕೊಟ್ಟು, ನಾನು ಒಂದು ಹೋಳೂ ತಿನ್ನದೆ, ಪಂಚೆಗೆ ಕೈ ಒರೆಸಿಕೊಂಡು ಪರೀಕ್ಷೆ ಮಾಡಿದೆ. 262 ತೋರಿಸಿತು. ಎದೆ ಹೊಡೆದುಕೊಂಡಿತು. ಹೆಂಡತಿ "ಕೈ ತೊಳೆದ್ರಾ?" ಅಂತ ಕೇಳಿದಳು. ಸೋಪು ಹಾಕಿ ತೊಳೆದು, ಒಣಗಿಸಿ, ಇನ್ನೊಂದು ಬೆರಳಿನಲ್ಲಿ ನೋಡಿದರೆ 134. ಬೆರಳಿಗಂಟಿದ ಹಣ್ಣಿನ ರಸವನ್ನು ಯಂತ್ರ ರಕ್ತದ ಸಕ್ಕರೆ ಅಂತ ಓದಿತ್ತು. ಅಂದಿನಿಂದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ "ಕೈ ತೊಳೆ" ಅಂತ ಬರೆದಿಟ್ಟೆ.

ಆ ನೋಟ್‌ಬುಕ್ಕು ನಮ್ಮ ಮನೆಯಲ್ಲಿ ಎಷ್ಟೋ ಕಾಲದಿಂದ ನಂಬಿದ್ದ ಮಾತುಗಳನ್ನು ಒಂದೊಂದಾಗಿ ಕೆಡವಿತು. ಸಕ್ಕರೆ ಕಾಯಿಲೆಗೆ ರಾಗಿ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ರಾಗಿಯಲ್ಲಿ ನಾರಿದೆ, ಸುಣ್ಣದ ಅಂಶವಿದೆ, ಅದು ನಿಜ. ಆದರೆ ನುಣ್ಣಗೆ ಬೀಸಿ, ಚೆನ್ನಾಗಿ ಬೇಯಿಸಿ, 390 ಗ್ರಾಂ ಉಂಡರೆ ಸಕ್ಕರೆ ಏರಿಯೇ ಏರುತ್ತದೆ. ಅಂಬಲಿ ಕುಡಿದಾಗ ಇನ್ನೂ ಬೇಗ ಏರಿತು. ನವಣೆ ಅನ್ನ ತಟ್ಟೆ ತುಂಬ ಉಂಡ ದಿನ 209, ಅಕ್ಕಿ ಅನ್ನ ಅಷ್ಟೇ ಉಂಡ ದಿನ 222. ಅಕ್ಕಿಗೆ ಬದಲು ನವಣೆ ಬಂತು, ಅಳತೆ ಹಾಗೇ ಉಳಿಯಿತು, ಮೀಟರಿಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ಬೆಲ್ಲದ ಕಾಫಿ, ಸಕ್ಕರೆ ಕಾಫಿ ಎರಡೂ ಒಂದೇ. ಜೇನುತುಪ್ಪವೂ ಅಷ್ಟೇ. ಆಫೀಸಿನಲ್ಲಿ ರಾತ್ರಿಯೆಲ್ಲ ಕುಡಿಯುತ್ತಿದ್ದ ಆರು ಟೀಗಳಲ್ಲಿ ದಿನಕ್ಕೆ ಹನ್ನೆರಡು ಚಮಚ ಸಕ್ಕರೆ ಹೋಗುತ್ತಿತ್ತು ಅನ್ನುವುದು ಲೆಕ್ಕ ಹಾಕಿದಾಗ ಗೊತ್ತಾಯಿತು. ಅದನ್ನು ಬಿಡಲು ಹದಿನೈದು ದಿನ ಕಷ್ಟವಾಯಿತು, ಈಗ ಯಾರಾದರೂ ಸಕ್ಕರೆ ಹಾಕಿಕೊಟ್ಟರೆ ನಾಲಿಗೆ ಒಪ್ಪುವುದಿಲ್ಲ.

ನಡುವೆ ಹತ್ತು ದಿನ ಅನ್ನ, ಮುದ್ದೆ, ಚಪಾತಿ ಮೂರನ್ನೂ ಪೂರ್ತಿ ಬಿಟ್ಟೆ. ಅಂಕಿ ಇಳಿಯಿತು. ಜೊತೆಗೆ ತಲೆನೋವು, ಮಲಬದ್ಧತೆ, ಸಿಡುಕು ಬಂದವು, ಮಗಳ ಮೇಲೆ ಕಾರಣವಿಲ್ಲದೆ ರೇಗಿದೆ. ಹನ್ನೊಂದನೇ ದಿನ ಅಮ್ಮನ ಮುಂದೆ ಕೂತು, "ಮುದ್ದೆ ಬಿಡಲ್ಲ. ಚಿಕ್ಕದು ಕಟ್ಟು," ಅಂದೆ.

ಅಲ್ಲಿಂದ ದಾರಿ ಸಿಕ್ಕಿತು. ಅಮ್ಮ ದೊಡ್ಡ ಕಿತ್ತಳೆ ಹಣ್ಣಿನ ಗಾತ್ರದ ಮುದ್ದೆ ಕಟ್ಟತೊಡಗಿದಳು, ತೂಗಿದರೆ 150 ಗ್ರಾಂ. ಉಳಿದ ಹೊಟ್ಟೆ ತುಂಬಲು ಬಸ್ಸಾರಿನ ಪಲ್ಯ ದುಪ್ಪಟ್ಟಾಯಿತು. ಬಸ್ಸಾರು ನಮ್ಮ ಕಡೆಯ ಎಂಥ ಬುದ್ಧಿವಂತ ಅಡುಗೆ ಅಂತ ನನಗೆ ಆಗ ಅರ್ಥವಾದದ್ದು. ಸೊಪ್ಪು, ಕಾಳು ಬೇಯಿಸಿ ಬಸಿದ ನೀರು ಸಾರಿಗೆ, ಬಸಿದು ಉಳಿದದ್ದು ಒಗ್ಗರಣೆ ಹಾಕಿ ಪಲ್ಯಕ್ಕೆ. ಮೊದಲು ಆ ಪಲ್ಯವನ್ನು ಬಟ್ಟಲು ತುಂಬ ತಿಂದು, ಆಮೇಲೆ ಮುದ್ದೆ ಮುರಿಯುವುದು ನನ್ನ ಪದ್ಧತಿಯಾಯಿತು. ಸೊಪ್ಪು, ಕಾಳು ಮುಂಚೆ ಹೋದರೆ ಹಿಂದಿನಿಂದ ಹೋದ ಪಿಷ್ಟ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಹುರುಳಿಕಾಳು, ಹೆಸರುಕಾಳು, ಚಳಿಗಾಲದಲ್ಲಿ ಅವರೆಕಾಳು, ದಿನಕ್ಕೆರಡು ಮೊಟ್ಟೆ, ಭಾನುವಾರ ಕೋಳಿ. ಆ ಊಟವಾದ ಎರಡು ಗಂಟೆಗೆ 152, 147, 158. ಬೆಳಗ್ಗೆ ನಾಲ್ಕು ಇಡ್ಲಿ, ಚಟ್ನಿಗೆ 218 ಬರುತ್ತಿದ್ದದ್ದು, ಎರಡು ಇಡ್ಲಿ, ಒಂದು ಬಟ್ಟಲು ತರಕಾರಿ ಸಾಂಬಾರು, ಒಂದು ಮೊಟ್ಟೆಗೆ 149ಕ್ಕೆ ಇಳಿಯಿತು. ಅಮ್ಮ ದಿನಾ ಸಂಜೆ ನೋಟ್‌ಬುಕ್ಕು ತೆಗೆಸಿ ಅಂಕಿ ಓದಿಸಿಕೊಳ್ಳುತ್ತಿದ್ದಳು. ಕಡಿಮೆ ಬಂದ ದಿನ ಅವತ್ತು ಮಾಡಿದ ಪಲ್ಯವನ್ನೇ ಇನ್ನೆರಡು ದಿನ ಮಾಡುತ್ತಿದ್ದಳು.

ನಡಿಗೆಯನ್ನು ಶುರು ಮಾಡಿಸಿದ್ದು ಅಪ್ಪ. ರಾತ್ರಿ ಊಟವಾದ ಮೇಲೆ ಸ್ಪರ್ಶ ಹೋದ ಕಾಲಿಗೆಂದೇ ಮಾಡುವ ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು "ಬಾರೋ" ಅನ್ನುತ್ತಿದ್ದರು. ಬೀದಿ ಕೊನೆಯ ಪಾರ್ಕಿನವರೆಗೆ ಹೋಗಿ ಬರಲು ಅವರ ನಡಿಗೆಯಲ್ಲಿ ಹದಿನೈದಿಪ್ಪತ್ತು ನಿಮಿಷ. ದಾರಿಯಲ್ಲಿ ಮಾತು ಹೆಚ್ಚಿರುತ್ತಿರಲಿಲ್ಲ. ಆ ಹದಿನೈದು ನಿಮಿಷ ನಡೆದ ದಿನಕ್ಕೂ ಉಂಡು ಮಲಗಿದ ದಿನಕ್ಕೂ 25, 30 ಅಂಕಿ ವ್ಯತ್ಯಾಸ ಬರುತ್ತಿತ್ತು. ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ ಅಂತ ಡಾಕ್ಟರು ವಿವರಿಸಿದರು. ಸ್ನಾಯು ಹೆಚ್ಚಿದ್ದರೆ ಸಕ್ಕರೆ ತುಂಬಿಡಲು ಕಣಜ ದೊಡ್ಡದಾದ ಹಾಗೆ. ಅದಕ್ಕೆ ನಾನು ಜಿಮ್ಮಿಗೆ ಹೋಗಲಿಲ್ಲ, ದೊಡ್ಡಪ್ಪನ ಹತ್ತಿರ ಹೋದೆ. ಅವರು ವಯಸ್ಸಿನಲ್ಲಿ ಗರಡಿಯಲ್ಲಿ ಮಣ್ಣು ಮುಟ್ಟಿದವರು. ಎಪ್ಪತ್ತು ದಾಟಿದ್ದರೂ ನನ್ನ ಮುಂದೆ ನಿಂತು ಮೂವತ್ತು ಬಸ್ಕಿ ಹೊಡೆದು ತೋರಿಸಿದರು. ನಾನು ಹನ್ನೆರಡಕ್ಕೆ ನಿಂತೆ. ಐದು ತಿಂಗಳ ಹೊತ್ತಿಗೆ ಅರವತ್ತು ಬಸ್ಕಿ, ಇಪ್ಪತ್ತೈದು ದಂಡ ಆಗುತ್ತಿತ್ತು. ವಾರಕ್ಕೆ ನಾಲ್ಕು ದಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬಿರುಸಾಗಿ ಒಂದು ಸುತ್ತು.

ಇಷ್ಟಾದರೂ ಒಂದು ಅಂಕಿ ಮಾತ್ರ ಜಗ್ಗಲಿಲ್ಲ. ಬೆಳಗ್ಗೆ ಬರಿ ಹೊಟ್ಟೆಯದು. ಪಾಳಿ ಇಲ್ಲದ ರಾತ್ರಿ ಮಲಗುವಾಗ 118 ಇದ್ದರೆ ಎದ್ದಾಗ 139. ಏನೂ ತಿನ್ನದೆ ಮಲಗಿದವನ ಮೈಯಲ್ಲಿ ಸಕ್ಕರೆ ಎಲ್ಲಿಂದ ಬಂತು? ಆರು ವಾರ ಹೀಗೇ ಆದಾಗ ಒಂದು ಬೆಳಗ್ಗೆ ನೋಟ್‌ಬುಕ್ಕು ಎಸೆದು ಕೂತುಬಿಟ್ಟಿದ್ದೆ. ಉತ್ತರ ಯಕೃತ್ತಿನಲ್ಲಿತ್ತು. ಬೆಳಗಿನ ಜಾವ ದೇಹವನ್ನು ಎಬ್ಬಿಸಲು ಅದು ತಾನೇ ಸಕ್ಕರೆ ಬಿಡುತ್ತದೆ. ಎಲ್ಲರಲ್ಲೂ ಬಿಡುತ್ತದೆ. ಕೊಬ್ಬು ತುಂಬಿದ ಯಕೃತ್ತು ಮಾತ್ರ ಇನ್ಸುಲಿನ್ ಹೇಳಿದ ಮಾತು ಕೇಳದೆ ಹೆಚ್ಚು ಹೆಚ್ಚು ಬಿಡುತ್ತದೆ. ತೂಕ ಇಳಿಯುತ್ತ ಬಂದರೆ ಮೊದಲು ಕರಗುವುದು ಅಲ್ಲಿನ ಕೊಬ್ಬೇ, ಕಾಯಿರಿ, ಅಂದರು ಡಾಕ್ಟರು. ಆಮೇಲೆ ಕೇಳಿದರು, "ಎಷ್ಟು ಗಂಟೆ ನಿದ್ದೆ?"

ರಾತ್ರಿ ಪಾಳಿ, ಹಗಲು ನಾಲ್ಕೂವರೆ ಗಂಟೆ ನಿದ್ದೆ. ಅದೂ ಬೀದಿ ಸದ್ದಿನಲ್ಲಿ. ನಿದ್ದೆ ಕೆಟ್ಟರೆ ಇನ್ಸುಲಿನ್ ನಾಟುವುದು ಇನ್ನೂ ಕಡಿಮೆಯಾಗುತ್ತದೆ. ಪಾಳಿ ಬದಲಾಯಿಸಿ ಅಂತ ಕೇಳಿದಾಗ ಸುಲಭಕ್ಕೆ ಒಪ್ಪಲಿಲ್ಲ. ಚೀಟಿ ಬರೆಸಿಕೊಂಡು ಹೋಗಿ, ರಾತ್ರಿ ಭತ್ಯೆ ಬಿಟ್ಟುಕೊಟ್ಟು, ಎರಡು ತಿಂಗಳು ಓಡಾಡಿ ಹಗಲಿಗೆ ಬಂದೆ. ತಿಂಗಳಿಗೆ ಕೆಲವು ಸಾವಿರ ಕಡಿಮೆಯಾಯಿತು. ಈ ವಯಸ್ಸಿನ ಎಷ್ಟೋ ಹುಡುಗರಿಗೆ ಕಾಯಿಲೆ ತಂದದ್ದು ಬಾಯಿಚಪಲವೊಂದೇ ಅಲ್ಲ, ಇಂಥ ಕೆಲಸದ ಹೊತ್ತೂ ಹೌದು ಅಂತ ನಾನು ನಂಬಿದ್ದೇನೆ. ಊಟ ಕಡಿಮೆ ಮಾಡಿ ಅಂತ ಬುದ್ಧಿ ಹೇಳುವವರು ಇದನ್ನೂ ಹೇಳಬೇಕು.

ಮೂರು ತಿಂಗಳಿಗೆ ತೂಕ 70.5, ಎಚ್‌ಬಿಎ1ಸಿ 6.6. ಆರು ತಿಂಗಳಿಗೆ 66 ಕೆಜಿ, 6.0. ಸೊಂಟ 87. ಬರಿ ಹೊಟ್ಟೆಯದು ಮೊದಲ ಸಲ ನೂರರೊಳಗೆ, 97 ಬಂದ ಬೆಳಗ್ಗೆ ಅಮ್ಮನಿಗೆ ತೋರಿಸಿದೆ. ಅವಳು ಯಂತ್ರವನ್ನೇ ಕಣ್ಣಿಗೊತ್ತಿಕೊಂಡಳು. "ಗುಣ ಆಯ್ತಾ ಮೇಡಂ?" ಅಂತ ನಾನು ಕೇಳಿದ್ದಕ್ಕೆ ಡಾಕ್ಟರು ಒಪ್ಪಲಿಲ್ಲ. ಇದಕ್ಕೆ ರೆಮಿಷನ್ ಅನ್ನುತ್ತಾರೆ. ಯಾವ ಔಷಧವೂ ಇಲ್ಲದೆ ಕನಿಷ್ಠ ಮೂರು ತಿಂಗಳು ಎಚ್‌ಬಿಎ1ಸಿ 6.5ರ ಒಳಗಿರುವುದು. ಕಾಯಿಲೆ ಹಿಂದೆ ಸರಿದಿದೆ, ಹೋಗಿಲ್ಲ. ತೂಕ ಮರಳಿದರೆ ಅದೂ ಮರಳುತ್ತದೆ. ಬ್ರಿಟನ್ನಿನಲ್ಲಿ ನಡೆದ, 2017ರಲ್ಲಿ ಫಲಿತಾಂಶ ಹೊರಬಂದ ಡೈರೆಕ್ಟ್ ಅನ್ನುವ ಅಧ್ಯಯನವನ್ನು ಅವರೇ ವಿವರಿಸಿದರು. ಟೈಪ್ 2 ಕಾಯಿಲೆ ಗೊತ್ತಾಗಿ ಆರು ವರ್ಷ ದಾಟದವರು, ಇನ್ಸುಲಿನ್ ತೆಗೆದುಕೊಳ್ಳದವರು, ವೈದ್ಯರ ಕಣ್ಣೆದುರಲ್ಲಿ ದಿನಕ್ಕೆ 850 ಕ್ಯಾಲರಿ ಆಸುಪಾಸಿನಲ್ಲಿ ಕೆಲವು ತಿಂಗಳು ಕಳೆದರು. ಒಂದು ವರ್ಷಕ್ಕೆ ಅವರಲ್ಲಿ 46 ಶೇಕಡಾ ಜನಕ್ಕೆ ಹೀಗಾಯಿತು. 15 ಕೆಜಿ ಅಥವಾ ಹೆಚ್ಚು ಇಳಿಸಿದವರಲ್ಲಿ 86 ಶೇಕಡಾ. ಎರಡನೇ ವರ್ಷಕ್ಕೆ ಒಟ್ಟು 36ಕ್ಕೆ ಇಳಿಯಿತು. ಅಂದರೆ ಅಷ್ಟು ಕಟ್ಟುನಿಟ್ಟಿನಲ್ಲೂ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಆಗಲಿಲ್ಲ.

ನಮ್ಮ ಆಫೀಸಿನ ಗೆಳೆಯನೊಬ್ಬ ಇದಕ್ಕೆ ಕಣ್ಣೆದುರಿನ ಸಾಕ್ಷಿ. ನನ್ನ ವಿಷಯ ಕೇಳಿ ಅವನೂ ಪರೀಕ್ಷೆ ಮಾಡಿಸಿದ, ಅವನಿಗೂ ಇತ್ತು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆ ದೇಶದಲ್ಲಿ 10.1 ಕೋಟಿ ಜನಕ್ಕೆ ಡಯಾಬಿಟಿಸ್, 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ಅಂತ ಲೆಕ್ಕ ಕೊಟ್ಟಿದೆ, ಹಾಗಾಗಿ ಆಶ್ಚರ್ಯವಿಲ್ಲ. ನನ್ನ ಹಾಗೇ ಉಂಡ, ನನಗಿಂತ ಹೆಚ್ಚು ನಡೆದ. ಮೂರು ತಿಂಗಳಿಗೆ 7.4. ಮೆಟ್‌ಫಾರ್ಮಿನ್ ಶುರುವಾಯಿತು, ಈಗ 6.3ರಲ್ಲಿ ಆರಾಮವಾಗಿದ್ದಾನೆ. ಅವನು ಸೋತ ಅಂತ ನಾನು ಒಂದು ದಿನವೂ ಅಂದುಕೊಂಡಿಲ್ಲ.

ಇನ್ನು ಹೇಳಲೇಬೇಕಾದ್ದು. ನನ್ನ ಎಂಟನೇ ತಿಂಗಳು ಮದ್ದೂರಿನ ಹತ್ತಿರ ನೆಂಟರ ಮನೆಯ ಗೃಹಪ್ರವೇಶ. ಎಲ್ಲರೂ "ಏನೋ ಇಷ್ಟು ಸಣ್ಣ ಆಗಿದೀಯ" ಅಂತ ಕೇಳಿದರು. ಪಂಕ್ತಿಯಲ್ಲಿ ಕೂತು ಸಂತೋಷದಲ್ಲಿ ಹೇಳಿದೆ, ಸಕ್ಕರೆ ಕಾಯಿಲೆ ಬಂದಿತ್ತು, ಒಂದೂ ಮಾತ್ರೆ ತಿನ್ನದೆ ಇಳಿಸಿದೆ ಅಂತ. ಟೈಪ್ 2 ಅನ್ನುವ ಮಾತು ನನ್ನ ಬಾಯಲ್ಲಿ ಬರಲಿಲ್ಲ. ಎದುರು ಸಾಲಿನಲ್ಲಿ ಚಿಕ್ಕಮ್ಮ ಕೂತಿದ್ದರು. ಅವರ ಮಗ ಪುಟ್ಟನಿಗೆ ಒಂಬತ್ತನೇ ವಯಸ್ಸಿನಿಂದ ಟೈಪ್ 1. ಆಗ ಅವನಿಗೆ ಹದಿನೈದು. ದಿನಕ್ಕೆ ನಾಲ್ಕು ಚುಚ್ಚುಮದ್ದು. ಆರು ವರ್ಷ ಮಗನಿಗೆ ಸೂಜಿ ಚುಚ್ಚಿದ ತಾಯಿಗೆ ನನ್ನ ಮಾತು ಹೇಗೆ ಕೇಳಿಸಿರಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಊಟ ಮುಗಿದ ಮೇಲೆ ಏನೇನು ತಿಂತೀಯ ಅಂತ ಕೇಳಿ ಬರೆದುಕೊಂಡರು. ನಾನೇ ಬರೆಸಿದೆ.

ಮೂರು ವಾರದ ಮೇಲೆ ಬೆಳಗ್ಗೆ ಐದಕ್ಕೆ ಫೋನು. ಪುಟ್ಟ ಮಂಡ್ಯದಲ್ಲಿ ಐಸಿಯುನಲ್ಲಿದ್ದ. ಚಿಕ್ಕಮ್ಮ ಸ್ವಲ್ಪ ಸ್ವಲ್ಪವಾಗಿ ಇನ್ಸುಲಿನ್ ಕಡಿಮೆ ಮಾಡುತ್ತ ಬಂದು, ಯಾರೋ ಕೊಟ್ಟ ಪುಡಿಯನ್ನೂ ನನ್ನ ಪಥ್ಯವನ್ನೂ ನಂಬಿ ಎರಡು ದಿನ ಪೂರ್ತಿ ನಿಲ್ಲಿಸಿದ್ದರು. ಮೊದಲು ಹೊಟ್ಟೆನೋವು, ವಾಂತಿ. ಊಟ ಆಗಿಬಂದಿಲ್ಲ ಅಂದುಕೊಂಡರು. ಆಮೇಲೆ ಆಳವಾಗಿ, ಬೇಗ ಬೇಗ ಉಸಿರಾಟ, ಬಾಯಲ್ಲಿ ಕೊಳೆತ ಹಣ್ಣಿನಂಥ ವಾಸನೆ, ಮಂಪರು. ಇನ್ಸುಲಿನ್ ಇಲ್ಲದೆ ಸಕ್ಕರೆ ಒಳಹೋಗದೆ, ದೇಹ ತನ್ನ ಕೊಬ್ಬನ್ನೇ ಸುಟ್ಟು ರಕ್ತವೆಲ್ಲ ಆಮ್ಲವಾಗುವ ಸ್ಥಿತಿ, ಕೀಟೋಆಸಿಡೋಸಿಸ್. ಇನ್ನರ್ಧ ದಿನ ತಡವಾಗಿದ್ದರೆ ಅಂತ ಅಲ್ಲಿನ ಡಾಕ್ಟರು ಮಾತು ನಿಲ್ಲಿಸಿದರು. ಗಾಜಿನಾಚೆಯಿಂದ ಅವನನ್ನು ನೋಡುತ್ತ ನಿಂತಿದ್ದೆ. ಚಿಕ್ಕಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ನನ್ನ ಡಾಕ್ಟರಿಗೆ ಹೇಳಿದಾಗ ಅವರು ಹಳೆಯದೊಂದನ್ನು ನೆನಪಿಸಿದರು. ಇಂಥ ಮಕ್ಕಳನ್ನು ಬರೀ ಪಥ್ಯದಲ್ಲೇ ಇಟ್ಟ ಕಾಲ ಒಂದಿತ್ತು. ಇನ್ಸುಲಿನ್ ಕಂಡುಹಿಡಿಯುವ ಮುಂಚೆ ಬೇರೆ ದಾರಿಯೇ ಇರಲಿಲ್ಲ. ಅರೆಹೊಟ್ಟೆಯಲ್ಲಿಟ್ಟು ಒಂದಷ್ಟು ತಿಂಗಳು ಉಳಿಸುತ್ತಿದ್ದರು, ಕೊನೆಗೆ ಕಳೆದುಕೊಳ್ಳುತ್ತಿದ್ದರು. 1922ರ ಜನವರಿಯಲ್ಲಿ ಟೊರಾಂಟೊ ಆಸ್ಪತ್ರೆಯಲ್ಲಿ ಮೊದಲ ಇನ್ಸುಲಿನ್ ಪಡೆದ ಲಿಯೊನಾರ್ಡ್ ಥಾಮ್ಸನ್‌ಗೆ ಹದಿನಾಲ್ಕು ವರ್ಷ, ತೂಕ ಮೂವತ್ತು ಕೆಜಿಯೂ ಇರಲಿಲ್ಲ. ಅವನು ಮತ್ತೆ ಹದಿಮೂರು ವರ್ಷ ಬದುಕಿದ. "ನಿಮ್ಮ ಅನುಭವ ಹೇಳಬೇಡಿ ಅಂತ ಹೇಳಲ್ಲ. ಆದ್ರೆ ಯಾವ ಟೈಪ್ ಅನ್ನೋದನ್ನ ಮೊದಲು ಹೇಳಿ, ಆಮೇಲೆ ಮಿಕ್ಕಿದ್ದು," ಅಂದರು. ಅದಕ್ಕೇ ಇಷ್ಟು ಉದ್ದ ಬರೆದೆ. ನನ್ನದು ಟೈಪ್ 2, ಬೇಗ ಗೊತ್ತಾಗಿದ್ದು, ಇನ್ಸುಲಿನ್ ಇನ್ನೂ ತಯಾರಾಗುತ್ತಿದ್ದದ್ದು. ಟೈಪ್ 1 ಇರುವ ಮಗುವಿಗೆ ಇನ್ಸುಲಿನ್ ಔಷಧ ಅಲ್ಲ, ಉಸಿರು. ಬೇರೆ ಯಾರೇ ಆಗಲಿ, ತಿನ್ನುತ್ತಿರುವ ಮಾತ್ರೆಯನ್ನು ನನ್ನ ಬರಹ ಓದಿ ನಿಲ್ಲಿಸಬಾರದು. ಅಪ್ಪನ ಇನ್ಸುಲಿನ್ನನ್ನೂ ನಮ್ಮ ಮನೆ ಊಟ ಬದಲಾದ ಮೇಲೆ ಡಾಕ್ಟರೇ ಪುಸ್ತಕ ನೋಡಿ ಎರಡು ಸಲ ಕಡಿಮೆ ಮಾಡಿದರು, ನಾವಲ್ಲ.

ಈಗ ಮೂರು ವರ್ಷ. ತೂಕ 67, ಎಚ್‌ಬಿಎ1ಸಿ ಹೋದ ತಿಂಗಳು 5.9. ನಡುವೆ ಒಮ್ಮೆ ಜ್ವರ ಬಂದು, ಆಮೇಲೆ ಮದುವೆಗಳ ಸಾಲು ಬಂದು 6.4ಕ್ಕೆ ಹೋಗಿತ್ತು. ವರ್ಷಕ್ಕೊಮ್ಮೆ ಕಣ್ಣು, ಮೂತ್ರ, ಪಾದ ತೋರಿಸುವುದು ತಪ್ಪಿಸಿಲ್ಲ.

ಹೋದ ಯುಗಾದಿಗೆ ಚಿಕ್ಕಮ್ಮ, ಪುಟ್ಟ ನಮ್ಮ ಮನೆಗೆ ಬಂದಿದ್ದರು. ಪುಟ್ಟನ ಮುಖದಲ್ಲಿ ಮೀಸೆ ಮೂಡಿದೆ, ಪಿಯುಸಿ ಓದುತ್ತಿದ್ದಾನೆ. ಎಲೆ ಹಾಕಿ ಕೂತಾಗ ಅಮ್ಮ ಒಬ್ಬಟ್ಟು ತಂದಳು. ಬಡಿಸಲೋ ಬೇಡವೋ ಅಂತ ಇಬ್ಬರ ಎಲೆಯ ಮುಂದೆಯೂ ಅವಳ ಕೈ ನಿಂತಿತು.

"ಅಣ್ಣ, ಆ ತಕ್ಕಡಿ ಇದ್ಯಾ?" ಅಂದ ಪುಟ್ಟ.

ತಂದುಕೊಟ್ಟೆ. ಒಬ್ಬಟ್ಟು 84 ಗ್ರಾಂ ಇತ್ತು. ಪಿಷ್ಟದ ಲೆಕ್ಕವನ್ನು ಬಾಯಲ್ಲೇ ಮಾಡಿ, ಅಂಗಿ ಜೇಬಿನಿಂದ ಇನ್ಸುಲಿನ್ ಪೆನ್ನು ತೆಗೆದು ಟಿಕ್ ಟಿಕ್ ಅಂತ ತಿರುಗಿಸಿ, ಹೊಟ್ಟೆಗೆ ಚುಚ್ಚಿಕೊಂಡು, ಹತ್ತು ಎಣಿಸಿ ತೆಗೆದ. ಚಿಕ್ಕಮ್ಮ ಅವನ ಕೈಯನ್ನೇ ನೋಡುತ್ತಿದ್ದರು. ನಾನು ನನ್ನ ಒಬ್ಬಟ್ಟನ್ನು ಮುರಿದು ಅರ್ಧ ಇಟ್ಟುಕೊಂಡೆ. ಇನ್ನರ್ಧ ಎಲೆಯ ತುದಿಯಲ್ಲಿ ಉಳಿಯಿತು. ಅವನು ಅದನ್ನು ನೋಡಿದ. ನನ್ನ ಮುಖ ನೋಡಿದ. ಎತ್ತಿ ತಕ್ಕಡಿಯ ಮೇಲಿಟ್ಟ, ಮತ್ತೆ ಪೆನ್ನು ತಿರುಗಿಸಿದ.